ಓಣಿ ಕಡೆಯ ಕಿಟಕಿಯ ಶಟರ್

ನಮ್ಮ ಮನೆಯ ಓಣಿ ಕಡೆಯ ಕಿಟಕಿಗೆ ಕರೆಂಟಿನ ಶಟರ್ ಹಾಕಿಸಿದ್ದು ಧೂಳಿಗಾಗಿ ಅಲ್ಲ. ಬಿಸಿಲಿಗಾಗಿಯೂ ಅಲ್ಲ. ನನ್ನ ತಂಗಿ ಸುಧಾ ಎದುರು ಮನೆಯ ಹಸೀನಾಳ ಜೊತೆ ಮಾತಾಡಬಾರದು — ಅದಕ್ಕಾಗಿ ಹಾಕಿಸಿದೆ. ಧೂಳು ಎಂದು ಸುಧಾಗೆ ಹೇಳಿದೆ, ಓಣಿಯವರಿಗೆ ಹೇಳಿದೆ. ಹೇಳಿ ಹೇಳಿ ನಾನೂ ಅರ್ಧ ನಂಬಿದೆ.

ನಾನು ಹಾನಗಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು. ಓಣಿಯವರೂ ನನ್ನನ್ನು ‘ಬಾಯಾರು’ ಎಂದೇ ಕರೆಯುತ್ತಿದ್ದರು. ಮದುವೆ ಮಾಡಿಕೊಳ್ಳಲಿಲ್ಲ. ಗಂಟೆ ಬಾರಿಸಿದಾಗ ಏಳುವುದು, ಗಂಟೆ ಬಾರಿಸಿದಾಗ ಉಣ್ಣುವುದು, ದೀಪ ಆರಿಸಿದ ಮೇಲೆ ಪಿಟ್ಟೆನ್ನದೆ ಮಲಗುವುದು — ಹುಡುಗಿಯರಿಗೆ ಕಲಿಸಿದ್ದನ್ನು ನಾನೂ ಪಾಲಿಸಿದೆ. ಸವಣೂರಿನಲ್ಲಿ ಅಪ್ಪ ಕಟ್ಟಿಸಿದ ಮನೆಗೆ ಮರಳಿದ ವರ್ಷವೇ ಹಿರೇಕೆರೂರಿನಲ್ಲಿ ಸುಧಾಳ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ನಾನೇ ಹೋಗಿ ಅವಳನ್ನು ಕರೆತಂದೆ. ಅವ್ವ ಸತ್ತಾಗ ಅವಳಿನ್ನೂ ಚಿಕ್ಕವಳು. ಜಡೆ ಹಾಕಿ ಬೆಳೆಸಿದವಳು ನಾನು. ಇನ್ನು ಮುಂದೆ ಅವಳಿಗೆ ನಾನು, ನನಗೆ ಅವಳು ಎಂದುಕೊಂಡಿದ್ದೆ.

ನಮ್ಮ ಮನೆಯ ಹಿಂಭಾಗವೂ ಹಸೀನಾಳ ಮನೆಯ ಹಿಂಭಾಗವೂ ಒಂದೇ ಸಣ್ಣ ಓಣಿಗೆ ಮುಖಮಾಡಿದ್ದವು. ಮುಂಬಾಗಿಲುಗಳು ಬೇರೆ ಬೇರೆ ಬೀದಿಗೆ. ಕಿಟಕಿಯಿಂದ ಕಿಟಕಿಗೆ ಕೈಚಾಚಿದರೆ ಬೆರಳು ಮುಟ್ಟುವಷ್ಟು ಹತ್ತಿರ. ಹಸೀನಾಳ ಮನೆಯವರದು ವೀಳ್ಯದೆಲೆ ವ್ಯಾಪಾರ. ಗಂಡಸರು ಪೇಟೆಗೆ ಹೋದ ಮೇಲೆ ಅವಳು ಕಿಟಕಿಯಲ್ಲಿ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತ ಕೂರುತ್ತಿದ್ದಳು. ಸುಧಾಗೂ ಕೌದಿಯ ಹುಚ್ಚು. ಮೊಣಕಾಲು ನೋವಿನಿಂದ ಅವಳು ಹೊರಗೆ ಹೋಗುತ್ತಿದ್ದುದೇ ಅಪರೂಪ. ಮಧ್ಯಾಹ್ನದ ಆ ಕಿಟಕಿಯೇ ಅವಳ ಊರು. ಬಟ್ಟೆಯ ತುಂಡುಗಳು ಸರಳಿನ ಸಂದಿಯಿಂದ ಆಚೆ ಹೋಗುತ್ತಿದ್ದವು, ಈಚೆ ಬರುತ್ತಿದ್ದವು. ಜೊತೆಗೆ ನಗು.

ನನ್ನೊಂದಿಗೆ ಸುಧಾ ಹಾಗೆ ನಕ್ಕದ್ದಿಲ್ಲ. ಹೇಳಿದ ಹೊತ್ತಿಗೆ ಉಣ್ಣುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಹಾಸ್ಟೆಲ್ಲಿನ ಹುಡುಗಿಯರ ಹಾಗೆ.

ಒಂದು ಮಧ್ಯಾಹ್ನ ನಡುಮನೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಹಸೀನಾ ಕೇಳಿದ್ದು ಕಿವಿಗೆ ಬಿತ್ತು.

“ಸುಧಕ್ಕ, ನಿಮ್ಮ ಬಾಯಾರಿಗೆ ನಗೂದಕ್ಕೂ ಗಂಟಿ ಹೊಡಿಬೇಕೇನ್?”

“ಗಂಟಿ ಹೊಡದ್ರೂ ನಗಂಗಿಲ್ಲ ಬಿಡ. ಹಾಜರಿ ತೊಗೋತಾಳ” ಎಂದಳು ಸುಧಾ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಸಣ್ಣ ಚೇಷ್ಟೆ. ನಿಜವೂ ಹೌದು. ಆದರೆ ಆ ಕ್ಷಣ — ನನ್ನನ್ನು ನನ್ನ ಮನೆಯೊಳಗೇ ಹೊರಗೆ ನಿಲ್ಲಿಸಿದಂತಾಯಿತು.

ಮರುವಾರ ಹುಬ್ಬಳ್ಳಿಯಿಂದ ಶಟರಿನವರನ್ನು ಕರೆಸಿದೆ. ಬಂದವನು ಮಾದರಿಗಳನ್ನು ಹಾಸಿ ತೋರಿಸಿದ. ಸಣ್ಣ ತೂತುಗಳಿದ್ದ ಪಟ್ಟಿಯಾದರೆ ಗಾಳಿ ಬೆಳಕು ಬರುತ್ತದೆ ಎಂದ. ತೂತಿಲ್ಲದ್ದು ಕೊಡು ಎಂದೆ. ಒಳಗೆ ಫೋಮ್ ತುಂಬಿದ ಪಟ್ಟಿಯಿದೆ, ಸದ್ದು ಅಷ್ಟಾಗಿ ಒಳಗೆ ಬರುವುದಿಲ್ಲ ಎಂದ, ಅದನ್ನೇ ಆರಿಸಿದೆ. ವಯಸ್ಸಾದವರಿದ್ದೀರಿ, ಗೋಡೆಗೊಂದು ಸ್ವಿಚ್ ಇರಲಿ, ಯಾರು ಬೇಕಾದರೂ ಒತ್ತಬಹುದು ಎಂದ, ಬೇಡವೆಂದೆ. ರಿಮೋಟನ್ನೂ, ಕರೆಂಟು ಹೋದಾಗ ತಿರುಗಿಸುವ ಹಿಡಿಕೆಯನ್ನೂ ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಟೈಮರಿದೆ, ತಾನಾಗಿಯೇ ಯಾವ ಹೊತ್ತಿಗೆ ಮುಚ್ಚಬೇಕು, ಯಾವ ಹೊತ್ತಿಗೆ ತೆರೆಯಬೇಕು ಎಂದು ಕೇಳಿದ. ಬೆಳಗಿನ ಅಡುಗೆ ಮುಗಿಯುವ ಹೊತ್ತಿಗೆ ಇಳಿಯಲಿ, ದೀಪ ಹಚ್ಚುವ ಹೊತ್ತಿಗೆ ಏರಲಿ ಎಂದೆ.

ಒಂದೊಂದು ಆಯ್ಕೆಯನ್ನೂ ಯೋಚಿಸಿಯೇ ಮಾಡಿದೆ. ಸಿಟ್ಟಿನಲ್ಲಿ ಆಯಿತು ಎನ್ನುವ ಹಾಗಿಲ್ಲ.

ಮೊದಲ ದಿನ ಶಟರ್ ತಾನೇ ಇಳಿಯತೊಡಗಿದಾಗ ಸುಧಾ ಸೂಜಿ ಹಿಡಿದು ಕೂತಿದ್ದಳು. ಬೆಳಕು ಅವಳ ಮಡಿಲಿನಿಂದ ಜಾರಿಹೋಯಿತು. ಹೊತ್ತು ಬದಲಿಸಲಿಕ್ಕೆ ಬರುವುದಿಲ್ಲವೇ ಎಂದು ಕೇಳಿದಳು.

“ಕಂಪನಿಯವರೇ ಹೊತ್ತು ಕೂಡಿಸಿ ಕಳಿಸಿರ್ತಾರ. ನಮ್ಮ ಕೈಯಾಗಿಲ್ಲ” ಎಂದೆ.

ಅವಳು ನಂಬಿದಳು. ನಾನು ಹೇಳಿದ್ದನ್ನು ನಂಬುವುದನ್ನು ಚಿಕ್ಕಂದಿನಲ್ಲೇ ನಾನು ಅವಳಿಗೆ ಕಲಿಸಿದ್ದೆನಲ್ಲ...

ಕೆಲವು ಸಂಜೆ ಶಟರ್ ಏರಿದ ಮೇಲೆ ಅವಳು ಕಿಟಕಿಯಲ್ಲಿ ಕೂತು ನೋಡಿದಳು. ಆ ಹೊತ್ತಿಗೆ ಹಸೀನಾಳ ಮನೆಯಲ್ಲಿ ಗಂಡಸರು ಬಂದಿರುತ್ತಿದ್ದರು, ಅವಳು ಒಲೆಯ ಮುಂದೆ. ಕ್ರಮೇಣ ಆ ಕಿಟಕಿಯೂ ಸಂಜೆಯಾದರೆ ಮುಚ್ಚಿಕೊಳ್ಳತೊಡಗಿತು. ಓಣಿಯಲ್ಲಿ ಮಾತು ಹುಟ್ಟಿತು — ಬಾಯಾರಿಗೆ ಮುಸಲ್ಮಾನರ ಮನೆ ಕಡೆಯ ಗಾಳಿ ಬೇಡವಾಗಿದೆಯಂತೆ. ನಮ್ಮ ಸಂಬಂಧಿಕರೊಬ್ಬರು ಛಲೋ ಮಾಡಿದಿ ಎಂದು ಬೆನ್ನು ತಟ್ಟಿದರು. ಅಲ್ಲ, ಹಾಗಲ್ಲ ಎನ್ನಬೇಕಿತ್ತು. ಎಂದರೆ ನಿಜವಾದ ಕಾರಣ ಹೇಳಬೇಕು. ತಂಗಿಯ ನಗುವಿಗೆ ಹೊಟ್ಟೆಕಿಚ್ಚುಪಟ್ಟೆ ಎನ್ನುವುದಕ್ಕಿಂತ ಆ ಹೊಲಸು ಅಪವಾದವೇ ನನಗೆ ಹಗುರವೆನಿಸಿತು. ಸುಮ್ಮನಿದ್ದೆ. ಅದರ ಅವಮಾನದ ಭಾರ ಹಸೀನಾ ಹೊರಲಿ ಎಂದು ಬಿಟ್ಟುಬಿಟ್ಟೆ.

ಮುಂದಿನ ವರ್ಷ ಹಸೀನಾಳ ಮಗ ಬಂಕಾಪುರದಲ್ಲಿ ಮನೆ ಕಟ್ಟಿದ. ಹೊರಡುವ ದಿನ ನಡು ಮಧ್ಯಾಹ್ನ ಅವಳು ಓಣಿಗಿಳಿದು ನಮ್ಮ ಕಿಟಕಿಯ ಕೆಳಗೆ ನಿಂತಳು. ಸುಧಾ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಶಟರಿನ ಪಕ್ಕದಲ್ಲೇ ನಿಂತಿದ್ದ ನನಗೆ ಮಾತ್ರ ದನಿ ಕೇಳಿಸಿತು, ದೂರದಿಂದ ಬಂದಂತೆ.

“ಸುಧಕ್ಕ, ಹೊಂಟೇನಿ. ಒಮ್ಮೆ ಮಾರಿ ತೋರಸು.”

ಕಪಾಟಿನ ಕೀಲಿ ನನ್ನ ಸೊಂಟದಲ್ಲೇ ಇತ್ತು. ಮುಖ ತೋರಿಸೆಂದು ಅವಳು ಮತ್ತೆ ಕರೆದಳು. ಪಟ್ಟಿಯ ಮೇಲೆ ಅಂಗೈಯಿಂದ ಮೆಲ್ಲಗೆ ಬಡಿದಳು. ನಾನು ಅಲುಗಲಿಲ್ಲ. ಬಡಿತ ನಿಂತಿತು.

ಸಂಜೆ ಎದುರಿನ ಮನೆಗೆ ಬೀಗ ಬಿದ್ದಿತ್ತು. ಸುಧಾ ಕೇಳಿದಳು, ಬಂಕಾಪುರಕ್ಕೆ ಹೋದರಂತೆ ಎಂದೆ, ಹೇಳಲಿಲ್ಲವೇ ಎಂದಳು, ಇಲ್ಲ ಎಂದೆ.

“ಹೇಳದ ಹೋಗೋಕಿ ಅಲ್ಲ ಅಕಿ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಹೋದ್ಲೇನೋ” ಎಂದಳು.

ಮತ್ತೆಂದೂ ಆ ಹೆಸರೆತ್ತಲಿಲ್ಲ. ಅರ್ಧ ಹೊಲಿದ ಕೌದಿಯನ್ನು ಮಡಿಸಿ ಅಟ್ಟಕ್ಕೆ ಹಾಕಿಸಿದಳು. ಆಮೇಲಿನ ವರ್ಷಗಳಲ್ಲಿ ನನಗೆ ಬೇಕಾದದ್ದೆಲ್ಲ ಸಿಕ್ಕಿತು — ಹೊತ್ತಿಗೆ ಸರಿಯಾದ ಊಟ, ಸದ್ದಿಲ್ಲದ ಮಧ್ಯಾಹ್ನ, ಪೂರ್ತಿ ನನ್ನವಳಾದ ತಂಗಿ. ಅವಳು ಮಾತ್ರ ತನ್ನೊಳಗೇ ಎಲ್ಲೋ ದೂರ ಸರಿದುಬಿಟ್ಟಿದ್ದಳು. ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಕೊನೆಯ ವಾರ ಎಷ್ಟೋ ಸಲ ಬಾಯಿ ತೆರೆದೆ, ಹೇಳಿಬಿಡಬೇಕೆಂದು. ನೀರು ಬೇಕೇನು ಎಂದು ಕೇಳಿದೆ. ಗೆಳತಿ ಒಂದು ಮಾತೂ ಹೇಳದೆ ಹೋದಳೆಂದೇ ತಿಳಿದು ಅವಳು ಹೋದಳು. ಅದನ್ನಿನ್ನು ಯಾರೂ ತಿದ್ದಲಾರರು.

ಹೋದ ತಿಂಗಳು ಬಂಕಾಪುರದ ಬಸ್ಸು ಹತ್ತಿದೆ. ಹಸೀನಾ ಮಂಚದ ಮೇಲಿದ್ದಳು, ಮೊದಲಿಗಿಂತ ಅರ್ಧ ಆಗಿದ್ದಳು. ಬರ್ರಿ ಬಾಯಾರ, ಕುಂತ್ರಿ ಎಂದಳು. ಸೊಸೆಗೆ ಚಹಾ ತರಲು ಹೇಳಿದಳು. ನಾನು ಎಲ್ಲವನ್ನೂ ಹೇಳಿದೆ — ತೂತಿಲ್ಲದ ಪಟ್ಟಿ, ಬೀಗ ಹಾಕಿದ ಹಿಡಿಕೆ, ನಾನೇ ಹೇಳಿ ಕೂಡಿಸಿದ ಹೊತ್ತು, ಒಳಗೆ ನಿಂತು ಕೇಳಿಸಿಕೊಂಡ ಅವಳ ಕರೆ. ನಿಮ್ಮ ಜಾತಿಯ ಮಾತಲ್ಲ ಅದು, ನನ್ನ ಹೊಟ್ಟೆಕಿಚ್ಚು ಎಂದೆ.

ಜಾತಿಯ ಮಾತಿಗೆ ಅವಳು ಕಿವಿಯನ್ನೇ ಕೊಡಲಿಲ್ಲ.

“ಹಂಗಾರ ಅದು ಸುಧಕ್ಕ ಮುಚ್ಚಿದ್ದಲ್ಲೇನ್ರಿ?”

ಅಲ್ಲ ಎಂದೆ. ನೀವು ಕರೆದದ್ದೂ ಅವಳಿಗೆ ಗೊತ್ತಿರಲಿಲ್ಲ ಎಂದೆ.

“ಸತ್ತ ಸುದ್ದಿ ಮುಟ್ಟಿತ್ರಿ. ಮಗ ಗಾಡಿ ತಗದು ನಿಂತಿದ್ದ. ಬ್ಯಾಡ ಅಂದೆ ನಾ. ಜೀವಂತ ಇದ್ದಾಗ ಮಾರಿ ತೋರಸಲಿಲ್ಲ, ಈಗ ಯಾಕ ಹೋಗೂದಂದೆ.” ಅವಳ ಕೈ ಹೊದಿಕೆಯ ಅಂಚನ್ನು ಹಿಡಿದು ಹಿಡಿದು ಬಿಡುತ್ತಿತ್ತು. “ಮಣ್ಣಿಗೆ ಬರಲಿಲ್ಲ ನಾ. ಸುಧಕ್ಕನ ಮಣ್ಣಿಗೆ.”

ಆಮೇಲೆ ಗೋಡೆಯ ಕಡೆ ಹೊರಳಿದಳು. ಚಹಾ ಬಂತು. ಕುಡೀರಿ, ಆರಿ ಹೋಗತೈತಿ ಎಂದು ಆ ಕಡೆಯಿಂದಲೇ ಹೇಳಿದಳು.

ಕುಡಿದೆ. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದಳು — ಅಂಥವಳು. ಅದಕ್ಕೇ ಕೇಳಲಿಲ್ಲ.