ನವಿಲುಬಣ್ಣದ ಜೇಬಿನ ಜಾಕೆಟ್

ಕುವೈತಿನ ಫರ್ವಾನಿಯಾದ ನಮ್ಮ ಕಟ್ಟಡದಲ್ಲಿ ಹಿಮ ತಡೆಯುವಂಥ ಜಾಕೆಟ್ ಇದ್ದದ್ದು ಮೇಲಿನ ಮಹಡಿಯ ಅಕ್ಕನ ಬಳಿ ಮಾತ್ರ. ಅದರ ಜೇಬು ಹರಿದಾಗ ನಮ್ಮ ಬೀದಿಯ ಟೈಲರ್, ಅಕ್ಕನ ರವಿಕೆಗೆ ಕತ್ತರಿಸಿ ಉಳಿದ ನವಿಲುಬಣ್ಣದ ರೇಷ್ಮೆ ತುಂಡು ಹಾಕಿ ಹೊಲಿದುಕೊಟ್ಟಿದ್ದ. ಅದನ್ನು ತೊಟ್ಟು ಅಕ್ಕ ಆಲ್ಪ್ಸ್ ಪರ್ವತದಲ್ಲಿ ಸ್ಕೀ ಮಾಡಿ ಬಂದಿದ್ದರು. ಶುಕ್ರವಾರ ನಾವು ನಾಲ್ಕಾರು ಮನೆಯವರು ಊಟಕ್ಕೆ ಸೇರಿದಾಗಲೆಲ್ಲ, ಸಾರು ಬಡಿಸುವ ಹೊತ್ತಿಗೆ ಅಕ್ಕ ಶಿಖರದಿಂದ ಹೊರಡುತ್ತಿದ್ದರು; ಮಜ್ಜಿಗೆಯ ಹೊತ್ತಿಗೆ ತಳ ಮುಟ್ಟುತ್ತಿದ್ದರು.

ಈ ಚಳಿಗಾಲದಲ್ಲಿ ನಮ್ಮವರೂ ಮಗಳೂ ಅದೇ ಜಾಗಕ್ಕೆ ಮೂವರಿಗೂ ಟಿಕೆಟ್ ಮಾಡಿಸಿದರು. ನಾನು ಜಾಕೆಟ್ ಕೇಳಲು ಹೋದೆ.

"ಕೊಡ್ತೀನಿ ಕಣೇ. ಆದ್ರೆ ಮಕ್ಕಳ ಜೊತೆ ಜಾರಿ ಬಂದು ಅದರ ಮಾನ ಕಳೀಬೇಡ. ಮೇಲಿಂದ ಇಳೀಬೇಕು."

"ಇಳೀತೀನಿ ಅಕ್ಕ," ಎಂದುಬಿಟ್ಟೆ. ಇಳಿಯದೆ ಬಂದರೆ ಇನ್ನು ಪ್ರತಿ ಶುಕ್ರವಾರ ಸಾರಿನ ಜೊತೆ ಬಡಿಸುವುದು ನನ್ನನ್ನೇ ಎಂದು ಗೊತ್ತಿತ್ತು.

ಅಲ್ಲಿ ಯೋಗ್ಯತೆಗೆ ತಕ್ಕ ಇಳಿಜಾರು. ಕಲಿಯುವವರಿಗೆ ಹಸಿರು ಗುರುತು, ಆಮೇಲೆ ನೀಲಿ, ಕೆಂಪು, ಪಳಗಿದವರಿಗೆ ಕಪ್ಪು. ಮಗಳು ಕೆಂಪಿಗೆ ಹೋದಳು, ನಮ್ಮವರು ನೀಲಿಗೆ. ನಾನು ಹಸಿರಿನಲ್ಲಿ, ಅಂಗನವಾಡಿ ವಯಸ್ಸಿನ ಮಕ್ಕಳ ನಡುವೆ. ಅವು ಮೂಗು ಸುರಿಸಿಕೊಂಡೇ ಸುಯ್ಯೆಂದು ಹೋಗುತ್ತಿದ್ದವು. ನಾನು ನಿಂತಲ್ಲೇ ಬೀಳುತ್ತಿದ್ದೆ. ಅಷ್ಟೆತ್ತರದಲ್ಲಿ ಬೀಳುವುದಕ್ಕೂ ಏದುಸಿರು.

"ಅಮ್ಮ, ಜಸ್ಟ್ ಬೆಂಡ್ ಯುವರ್ ನೀಸ್," ಎಂದಳು ಒಂದು ಸುತ್ತು ಇಳಿದು ಬಂದ ಮಗಳು.

"ಮಂಡಿ ಬಗ್ಗೋ ಹಾಗಿದ್ರೆ ಎತ್ತಿ ನಿಲ್ಲಿಸೋಕೆ ನಿಮ್ಮಪ್ಪನ್ನ ಯಾಕೆ ಕೂಗ್ತಿದ್ದೆ?"

ಮಧ್ಯಾಹ್ನಕ್ಕೆ ಸೋತು, ಪಕ್ಕದ ಕಾಫಿ ಅಂಗಡಿಗೆ ಕುಂಟಿಕೊಂಡು ಹೋದೆ. ಅಂಗಡಿಯಾಕೆ ನನ್ನ ಜೇಬು ನೋಡಿ ಮುಖವರಳಿಸಿದಳು. ಈ ಜಾಕೆಟಿನ ಮೇಡಂ ಹೇಗಿದ್ದಾರೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಕಿಟಕಿ ಪಕ್ಕ ಕೂತು ಬಿಸಿ ಚಾಕೊಲೇಟ್ ಕುಡಿಯುತ್ತಿದ್ದರು, ಒಂದು ದಿನವೂ ಸ್ಕೀ ಮುಟ್ಟಲಿಲ್ಲ, ಎಂದು ಇಂಗ್ಲಿಷಿನಲ್ಲಿ ಅಕ್ಕರೆಯಿಂದ ಹೇಳಿದಳು. ನನ್ನ ಮಂಡಿನೋವು ಅರ್ಧ ಇಳಿಯಿತು. ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಕೂತೆ. ಉಳಿದ ದಿನಗಳೂ ಅಲ್ಲೇ ಕೂತೆ. ಶಿಖರದಿಂದ ಇಳಿಯುವವರೆಲ್ಲ ಅಲ್ಲಿಂದ ಚೆನ್ನಾಗಿ ಕಾಣುತ್ತಿದ್ದರು.

ಫರ್ವಾನಿಯಾಕ್ಕೆ ವಾಪಸ್ ಬಂದು, ಜಾಕೆಟ್ ಒಗೆದು ಮಡಚಿ ಕೊಟ್ಟೆ.

"ಕಾಫಿ ಅಂಗಡಿಯಾಕೆ ನಿಮ್ಮನ್ನ ಕೇಳಿದ್ಲು ಅಕ್ಕ. ಜೇಬು ನೋಡಿ ಗುರುತು ಹಿಡಿದ್ಲು."

ಜಾಕೆಟ್ ಸವರುತ್ತಿದ್ದ ಅಕ್ಕನ ಕೈ ನಿಂತಿತು. "ಏನಂದ್ಲು?"

"ಕಿಟಕಿ ಸೀಟಿನ ವಿಷಯ. ನಾನೂ ಅಲ್ಲೇ ಕೂತಿದ್ದೆ ಬಿಡಿ."

ಅಕ್ಕ ಫ್ರಿಜ್ಜಿನಿಂದ ಹೋಳಿಗೆ ತೆಗೆದು, ಬಿಸಿ ಮಾಡಿ, ತುಪ್ಪ ಹಾಕಿಕೊಟ್ಟರು.

ಶುಕ್ರವಾರ ಎಲ್ಲರೂ ಸೇರಿದಾಗ, ಕೆಳಗಿನ ಮನೆಗೆ ಹೊಸದಾಗಿ ಬಂದ ಹುಡುಗಿ ನನ್ನನ್ನು ಕೇಳಿದಳು, "ಆಂಟಿ, ನೀವೂ ಮೇಲಿಂದ ಇಳಿದ್ರಾ?"

"ಇಳಿದೆ."

ಮಗಳು ಬಾಯಿ ತೆರೆದಳು. ನಾನು ಅವಳ ತಟ್ಟೆಗೆ ಒಂದು ಸೌಟು ಅನ್ನ ಬಡಿಸಿದೆ.

"ಆ ಎರಡನೇ ತಿರುವಲ್ಲಿ ಜೋಪಾನ ಅಂತ ನಾನು ಹೇಳಿರ್ಲಿಲ್ವಾ?" ಎಂದರು ಅಕ್ಕ.

"ಹೇಳಿದ್ರಿ. ಅದ್ರಿಂದಲೇ ಬದುಕಿದೆ."

"ಬರೋ ಚಳಿಗಾಲಕ್ಕೆ ನಾವೂ ಹೋಗ್ತೀವಿ ಅಕ್ಕ," ಎಂದಳು ಹುಡುಗಿ. "ಜಾಕೆಟ್ ಕೊಡ್ತೀರಾ?"

ಅಕ್ಕ ನನ್ನ ಕಡೆ ನೋಡಿ, ಹಪ್ಪಳದ ನೆವ ಹೇಳಿ ಎದ್ದರು. ನಾನೂ ಹಿಂದೆ ಹೋದೆ.

"ಏನೇ, ಕೊಡೋಣ್ವಾ?"

"ಕೊಡೋಣ ಅಕ್ಕ. ಮೊದಲು ಆ ಜೇಬು ಬಿಚ್ಚಿಸಿ, ಕಪ್ಪು ಬಟ್ಟೆ ಹೊಲಿಸಿಬಿಡಿ."