ಇಪ್ಪತ್ತೆರಡು ಕೋಟುಗಳ ಬಹುಮತ

ಸಂಸತ್ತಿನ ಕೋಟು ಕೊಠಡಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನ ನಿಜವಾದ ಹೆಸರು ಹಾಜರಿ ಗುಮಾಸ್ತನನ್ನು ಬಿಟ್ಟು ಬೇರೆ ಯಾರಿಗೂ ನೆನಪಿರಲಿಲ್ಲ. ಸದಸ್ಯರಿಗೆ ಅವನು ಕೋಟಣ್ಣ, ಗುಡಿಸುವವರಿಗೂ ಕೋಟಣ್ಣ. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದಳು. ಅವಳ ಸಿಟ್ಟಿಗೂ ಕಾರಣವಿತ್ತು. ಮನೆಯಲ್ಲಿ ಅವಳ ಶಾಲನ್ನೂ ಮೊಳೆಗೆ ನೇತುಹಾಕಿ ಅವನು ನಂಬರು ಅಂಟಿಸಿದ್ದ.

ಕೊಠಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಒಂದೇ ಕಿಟಕಿ, ಅದೂ ಕೈಗೆಟುಕದಷ್ಟು ಮೇಲೆ. ಬಾಗಿಲು ತೆಗೆದರೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಗೋಡೆಗೆ ಇನ್ನೂರ ನಾಲ್ಕು ಕೊಕ್ಕೆ, ಕೊಕ್ಕೆಗೊಂದು ಕಡುನೀಲಿ ಕೋಟು. ಆ ಕೋಟಿಲ್ಲದೆ ಯಾವ ಸದಸ್ಯರೂ ಸದನದೊಳಗೆ ಕಾಲಿಡುವಂತಿಲ್ಲ. ಕೋಟು ಕೂಡ ಕಟ್ಟಡದ ಹೊರಗೆ ಕಾಲಿಡುವಂತಿಲ್ಲ. ಸದನದ ಬಾಗಿಲಲ್ಲಿ ನಿಂತ ಕಾವಲಿನವನು ಮುಖ ನೋಡುತ್ತಿರಲಿಲ್ಲ, ಕೋಟು ನೋಡಿ ಸಲಾಮು ಹೊಡೆಯುತ್ತಿದ್ದ. ಮುಖಗಳು ಐದು ವರ್ಷಕ್ಕೊಮ್ಮೆ ಬದಲಾಗುತ್ತವೆ, ಅವನ್ನು ನೆನಪಿಟ್ಟು ಏನಾಗಬೇಕು ಎಂಬುದು ಅವನ ವಾದ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸದನದ ನಿಯಮಗಳಲ್ಲಿ ಒಂದು ಹಳೆಯ ಸಾಲಿತ್ತು. ಸದಸ್ಯರು ಒಂದು ನಿಮಿಷದ ಮಟ್ಟಿಗೆ ಹೊರಗೆ ಹೋಗಬೇಕಾದರೆ ಕೋಟನ್ನು ಕುರ್ಚಿಗೆ ಹಾಕಿ ಹೋಗಬಹುದು, ಆ ಕುರ್ಚಿಯನ್ನು ಭರ್ತಿಯೆಂದೇ ಎಣಿಸತಕ್ಕದ್ದು. ಯಾರೋ ಪುಣ್ಯಾತ್ಮರು ಮೂತ್ರಕ್ಕೆ ಹೋಗುವವರ ಕಷ್ಟ ನೋಡಲಾರದೆ ಬರೆದ ಸಾಲು ಅದು. ಆ ಒಂದು ನಿಮಿಷ ಹಿಗ್ಗಿ ಹಿಗ್ಗಿ, ಕೋಟಣ್ಣ ಕೆಲಸಕ್ಕೆ ಸೇರುವ ಹೊತ್ತಿಗೆ ಇಡೀ ಶುಕ್ರವಾರದ ಮಧ್ಯಾಹ್ನವಾಗಿತ್ತು. ಶುಕ್ರವಾರ ಮಧ್ಯಾಹ್ನ ಬರುತ್ತಿದ್ದುದು ಕೃಷಿ, ಕಾಡು ಮತ್ತು ಹಳ್ಳಿಗಾಡಿನ ವಿಷಯ. ಅದಕ್ಕೆ ಕೋಟುಗಳೇ ಸಾಕು ಎಂದು ಎಲ್ಲ ಪಕ್ಷಗಳೂ ಒಮ್ಮತಕ್ಕೆ ಬಂದಿದ್ದವು. ಆ ಸದನದಲ್ಲಿ ಎಲ್ಲ ಪಕ್ಷಗಳೂ ಒಪ್ಪಿದ್ದ ಸಂಗತಿ ಬಹುಶಃ ಅದೊಂದೇ.

"ಕೋಟಣ್ಣ, ನನ್ನದನ್ನ ಕೂರಿಸಿಬಿಡಯ್ಯ," ಎಂದು ಹೇಳಿ ಸದಸ್ಯರು ಕ್ಯಾಂಟೀನಿನ ಕಡೆ ನಡೆದರೆ, ಕೋಟಣ್ಣ ಒಳಗೆ ಹೋಗಿ ಕೂರಿಸುತ್ತಿದ್ದ. ಅದರಲ್ಲಿ ಅವನು ಎತ್ತಿದ ಕೈ. ಸುಮ್ಮನೆ ಕುರ್ಚಿಗೆ ಎಸೆದು ಬರುವವನಲ್ಲ. ಭುಜ ಇಳಿಬೀಳದ ಹಾಗೆ ತೋಳಿನೊಳಗೆ ಹಳೆಯ ವರದಿಗಳನ್ನು ಸುತ್ತಿ ತುರುಕುತ್ತಿದ್ದ. ಕಾಲರ್ ನೆಟ್ಟಗೆ ಮಾಡುತ್ತಿದ್ದ. ಗಮನವಿಟ್ಟು ಕೇಳುವ ಸದಸ್ಯರದಾದರೆ ಕೋಟನ್ನು ಒಂದಿಷ್ಟು ಮುಂದಕ್ಕೆ ಬಾಗಿಸುತ್ತಿದ್ದ. ಅಂಥವರು ಕಡಿಮೆ ಇದ್ದುದರಿಂದ ಆ ಕೆಲಸ ಬೇಗ ಮುಗಿಯುತ್ತಿತ್ತು. ಎಂಬತ್ತೇಳು ವರ್ಷದ ಸಭಾಧ್ಯಕ್ಷರು ದಪ್ಪ ಕನ್ನಡಕದಿಂದ ನೋಡಿ, ಬೆರಳು ಮಡಚಿ ಎಣಿಸಿ, "ಮೂವತ್ತು. ಕೋರಂ ಇದೆ," ಎನ್ನುತ್ತಿದ್ದರು. ಮೂವತ್ತು ಕುರ್ಚಿ ಭರ್ತಿಯಾಗದಿದ್ದರೆ ಕಲಾಪ ನಡೆಯುವಂತಿಲ್ಲ.

ಕೃಷಿ ಮಂತ್ರಿಗಳು ಆರು ವರ್ಷದಿಂದ ಕೋಟುಗಳಿಗೇ ಭಾಷಣ ಮಾಡಿಕೊಂಡು ಬಂದಿದ್ದರು. ಕೋಟುಗಳು ಅಡ್ಡ ಮಾತಾಡುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಇಷ್ಟು ಸಭ್ಯ ಶ್ರೋತೃಗಳು ಬೇರೆಲ್ಲೂ ಸಿಕ್ಕಿಲ್ಲವೆಂದು ಅವರೇ ಒಮ್ಮೆ ಹೇಳಿದ್ದುಂಟು.

ಕೋಟಣ್ಣನಿಗೆ ಒಬ್ಬಳು ಅಕ್ಕ. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು, ತಾಯಿ ಸತ್ತ ಮೇಲೆ ಎತ್ತಿ ಆಡಿಸಿದವಳು. ಕಾಡಿನ ಅಂಚಿನಲ್ಲಿ ಅವಳದೊಂದು ಆಲೂಗಡ್ಡೆ ಹೊಲ. ಅವಳು ನೆಟ್ಟಿದ್ದನ್ನು ಕಾಡುಹಂದಿಗಳು ಅಗೆದು ತಿನ್ನುತ್ತಿದ್ದವು. ಬೇಲಿ ಹಾಕೋಣವೆಂದರೆ ಅರಣ್ಯ ಇಲಾಖೆ ಬಿಡದು. ಅಂಚಿನಲ್ಲಿ ಕಂಬದ ಗುಂಡಿ ತೋಡಿದರೆ ಕಾಡಿನೊಳಗೆ ಅರ್ಧ ಗೇಣು ನುಗ್ಗಿದಂತಾಗುತ್ತದಂತೆ. ಕೃಷಿ ಇಲಾಖೆಗೆ ಹೋದರೆ, ಬೇಲಿ ಬೆಳೆಯಲ್ಲ, ನಮಗೆ ಸಂಬಂಧವಿಲ್ಲ ಎಂದರು. ಆ ಕಡೆಯ ಮುದಿ ಸದಸ್ಯರೊಬ್ಬರು ಬೇಲಿಗೆ ಅನುಮತಿ ಕೊಡಿ ಎಂದು ಎಂಟು ವರ್ಷದಿಂದ ಠರಾವು ತರುತ್ತಲೇ ಇದ್ದರು. ಅವರಿಗೆ ಬೇಲಿ ತಾತ ಎಂದೇ ಹೆಸರು ಬಿದ್ದಿತ್ತು.

"ಈ ಸಲದ ಬೆಳೆಯೂ ಹಂದಿ ಬಾಯಿಗೆ ಹೋದ್ರೆ ನಾನು ನೆಲಕ್ಕೆ ಗುದ್ದಲಿ ಹಾಕೋದೇ ಬಿಡ್ತೀನಿ ಕಣೋ," ಎಂದು ಅಕ್ಕ ಕೋಟಣ್ಣನಿಗೆ ಫೋನಿನಲ್ಲಿ ಹೇಳಿದಳು. ಗುದ್ದಲಿ ಹಿಡಿಯದ ಅಕ್ಕನನ್ನು ಊಹಿಸಿಕೊಳ್ಳುವುದು ಅವನಿಂದಾಗಲಿಲ್ಲ. ಸಾಲದ್ದಕ್ಕೆ ಅವಳು, "ಶುಕ್ರವಾರ ನಮ್ಮ ಬೇಲಿ ವಿಷಯ ಬರುತ್ತಂತೆ. ಬಸ್ ಮಾಡ್ಕೊಂಡು ಊರವರೆಲ್ಲ ಬರ್ತಿದ್ದೀವಿ. ನೀನು ಒಳಗೇ ಇರ್ತೀಯಲ್ಲ, ಒಂದು ಮಾತು ಹೇಳು," ಎಂದಳು. ತಮ್ಮ ಸದನದಲ್ಲಿ ಸದಸ್ಯರ ಜೊತೆಗೇ ಓಡಾಡುತ್ತಾನೆಂದು ಊರಲ್ಲಿ ಹೇಳಿಕೊಂಡಿದ್ದಳು. ಓಡಾಡುತ್ತಿದ್ದುದೇನೋ ನಿಜ. ಯಾರ ಜೊತೆ ಎಂಬುದನ್ನು ಮಾತ್ರ ಅವನು ಬಿಡಿಸಿ ಹೇಳಿರಲಿಲ್ಲ.

ಶುಕ್ರವಾರ ಬಂತು. ಸದನದಲ್ಲಿ ಉಸಿರಾಡುತ್ತಿದ್ದವರು ಎಂಟು ಜನ. ಮೂವರು ಮಂತ್ರಿಗಳು, ಬೇಲಿ ತಾತ, ಹೊಸದಾಗಿ ಗೆದ್ದು ಬಂದಿದ್ದ ಟೀಚರಮ್ಮ, ಮತ್ತೆ ನಿದ್ದೆ ಮಾಡಲು ಮನೆಗಿಂತ ಇಲ್ಲೇ ತಂಪೆಂದು ಬಂದ ಮೂವರು. ಉಳಿದದ್ದು ಇಪ್ಪತ್ತೆರಡು ಕೋಟು. ಕೋಟಣ್ಣ ಅಂದಿನಷ್ಟು ಚೆನ್ನಾಗಿ ಎಂದೂ ಕೂರಿಸಿರಲಿಲ್ಲ. ಎಲ್ಲವನ್ನೂ ಮುಂದಕ್ಕೆ ಬಾಗಿಸಿದ್ದ.

"ಕಾಡಿನಲ್ಲಿರುವ ಹಂದಿ ನನ್ನದು, ಒಪ್ಪುತ್ತೇನೆ," ಎಂದರು ಅರಣ್ಯ ಮಂತ್ರಿಗಳು. "ಆಲೂಗಡ್ಡೆಗೆ ಬಾಯಿ ಹಾಕಿದ ಕ್ಷಣದಿಂದ ಅದು ಕೃಷಿಯ ಹಂದಿ."

"ಬಾಯಿ ಮಾತ್ರ ಹೊಲದಲ್ಲಿದ್ದು ಹಿಂಗಾಲು ಕಾಡಿನಲ್ಲಿದ್ದರೆ?" ಎಂದರು ಕೃಷಿ ಮಂತ್ರಿಗಳು. "ಹಿಂಗಾಲಿನ ಹೊಣೆ ನಾನು ಹೊರಲಾರೆ."

ನಡುವೆ ಕಾಲುದಾರಿ ದಾಟುವಾಗ ಹಂದಿ ತಮ್ಮ ಸುಪರ್ದಿಗೆ ಬರುತ್ತದೆಂದು ಗ್ರಾಮೀಣ ಮಂತ್ರಿಗಳು ಎದೆಯುಬ್ಬಿಸಿ ಹೇಳಿದರು. ಆದರೆ ದಾರಿಗೆ ಟಾರು ಹಾಕಿದ್ದರೆ ಮಾತ್ರ. ಹೀಗೆ ಒಂದು ಹಂದಿಯನ್ನು ಮೂರು ಪಾಲು ಮಾಡಲು ಒಂದೂವರೆ ಗಂಟೆ ಹಿಡಿಯಿತು. ಬೇಲಿ ತಾತ ಎದ್ದು, "ಸ್ವಾಮಿ, ಹಂದಿ ಯಾರದಾದರೂ ಆಗಲಿ, ಆಲೂಗಡ್ಡೆ ನಮ್ಮದು," ಎಂದಷ್ಟೇ ಹೇಳಿ ಕೂತರು.

ಇಂಥ ಠರಾವುಗಳನ್ನು ಸಭಾಧ್ಯಕ್ಷರು ಸಾಮಾನ್ಯವಾಗಿ ಹೌದು, ಇಲ್ಲ ಎಂಬ ಕೂಗಿಗೆ ಹಾಕಿ ಮುಗಿಸುತ್ತಿದ್ದರು. ಕೋಟುಗಳಿಗೆ ದನಿಯಿಲ್ಲ, ಮಂತ್ರಿಗಳಿಗಿದೆ, ಠರಾವು ಬಿದ್ದುಹೋಗುತ್ತಿತ್ತು. ಅಂದು ಟೀಚರಮ್ಮ ನಿಯಮದ ಪುಸ್ತಕ ಹಿಡಿದು ಎದ್ದರು. "ಕೂಗಾಟ ಬೇಡ. ಪರ, ವಿರೋಧ ಎರಡೂ ಕಡೆಯವರು ಎದ್ದು ನಿಲ್ಲಲಿ. ಒಟ್ಟು ಮೂವತ್ತು ಜನ ನಿಲ್ಲದಿದ್ದರೆ ವಿಷಯವನ್ನು ಮತ್ತೆ ಎತ್ತುವಂತಿಲ್ಲ, ನಿಯಮ ಹಾಗೇ ಹೇಳುತ್ತೆ."

ಪಾಪ, ಆಕೆ ಬೇಲಿಯ ಪರವೇ. ಲೆಕ್ಕ ಸರಿ ಇರಬೇಕೆಂಬ ಹಟ, ಅಷ್ಟೆ. ಸಭಾಧ್ಯಕ್ಷರು ಹೊರಗಿದ್ದವರು ಬರಲೆಂದು ಹತ್ತು ನಿಮಿಷದ ಗಂಟೆ ಬಾರಿಸಿ ತಮ್ಮ ಕೊಠಡಿಗೆ ಎದ್ದು ಹೋದರು, ಮಂತ್ರಿಗಳೂ ಚಹಾಕ್ಕೆ ಎದ್ದರು.

ಕೋಟಣ್ಣ ಕುರ್ಚಿಗಳತ್ತ ನೋಡಿದ. ಕೋಟುಗಳನ್ನು ಕೂರಿಸಬಲ್ಲ, ನಿಲ್ಲಿಸುವುದು ಹೇಗೆ? ಕ್ಯಾಂಟೀನಿಗೆ ಓಡಿದ. ಕೃಷಿ ಸಮಿತಿಯ ಅಧ್ಯಕ್ಷರು ಇಸ್ಪೀಟಿನ ಎಲೆಗಳಿಂದ ಕಣ್ಣೆತ್ತದೆ, "ನನ್ನ ಕೋಟು ಒಳಗಿದೆಯಲ್ಲೋ," ಎಂದರು. "ಇದೆ ಸಾರ್, ಆದ್ರೆ ಈಗ ಎದ್ದು ನಿಲ್ಲಬೇಕಂತೆ." "ಅದಕ್ಕೆ ನೀನಿದ್ದೀಯಲ್ಲ." ಕ್ಷೌರದ ಕೊಠಡಿಯಲ್ಲಿ ಒಬ್ಬರು ಕೆನ್ನೆ ತುಂಬ ನೊರೆ ಬಳಿಸಿಕೊಂಡು ಕೂತಿದ್ದರು. ಅವರು ಕೈಸನ್ನೆಯಲ್ಲೇ ಸಾಗಹಾಕಿದರು. ಇನ್ನೊಬ್ಬರು, "ಹಂದಿ ವಿಷಯಕ್ಕೆಲ್ಲ ನಾವು ಖುದ್ದಾಗಿ ಬಂದ್ರೆ ಸದನದ ಮರ್ಯಾದೆ ಏನಾಗಬೇಕಯ್ಯ?" ಎಂದು ಅವನಿಗೇ ಬುದ್ಧಿ ಹೇಳಿದರು. ಕೋಟಣ್ಣ ಕೈಮುಗಿದ, ಗೋಗರೆದ. ಜಪ್ಪಯ್ಯ ಅಂದರೂ ಒಬ್ಬರೂ ಏಳಲಿಲ್ಲ.

ನಾಲ್ಕು ನಿಮಿಷ ಉಳಿದಿರುವಾಗ ಏದುಸಿರು ಬಿಡುತ್ತ ಹಿಂದಿರುಗಿದರೆ, ಕೋಟು ಕೊಠಡಿಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸಾರ್ವಜನಿಕರ ಗ್ಯಾಲರಿಯ ಮೆಟ್ಟಿಲು ಇಳಿದರೆ ಸಿಗುವುದೇ ಆ ಬಾಗಿಲು. ಅವಳ ಹಿಂದೆ ಇಡೀ ಬಸ್ಸು.

"ಮೇಲಿಂದ ಎಲ್ಲ ಕಾಣಿಸ್ತು," ಎಂದಳು ಅಕ್ಕ.

ಕೋಟಣ್ಣನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. "ಅದೇ ಅಕ್ಕ ನನ್ನ ಕೆಲಸ. ನಿನಗೆ ಹೇಳೋಕೆ ನಾಚಿಕೆ ಆಯ್ತು."

"ಮೂವತ್ತು ವರ್ಷ ಇದನ್ನೇ ಮಾಡಿದ್ಯಾ?"

"ಮೂವತ್ತೊಂದು."

ಅವಳು ಬಯ್ಯುತ್ತಾಳೆಂದುಕೊಂಡ. ಅವಳು ಬಯ್ಯಲಿಲ್ಲ, ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆಮೇಲೆ ಕೇಳಿದಳು, "ಕೋಟುಗಳಿಗೆ ಎದ್ದು ನಿಲ್ಲೋರು ಬೇಕು, ಅಷ್ಟೇ ತಾನೆ? ನಾವು ಇಪ್ಪತ್ನಾಲ್ಕು ಜನ ಇದ್ದೀವಲ್ಲೋ."

ಮೀನಮೇಷ ಎಣಿಸಲು ಸಮಯವಿರಲಿಲ್ಲ. ಕೋಟಣ್ಣ ಒಳಗೆ ನುಗ್ಗಿ, ಇಪ್ಪತ್ತೆರಡು ಕೋಟುಗಳನ್ನು ಎತ್ತಿ ತಂದು, ತೋಳುಗಳಿಂದ ವರದಿಗಳನ್ನು ಕಿತ್ತೆಸೆದು, ಜನರನ್ನು ಮೇಲಿಂದ ಕೆಳಗೆ ನೋಡಿ ಹಂಚತೊಡಗಿದ. ಅಳತೆಯಲ್ಲಿ ಅವನ ಕಣ್ಣು ತಪ್ಪುವುದಿಲ್ಲ. ಬಸ್ ಡ್ರೈವರನ ಹೊಟ್ಟೆಗೆ ಹಣಕಾಸು ಸಮಿತಿಯವರ ಕೋಟು ಹೊಲಿಸಿದ ಹಾಗೆ ಕೂತಿತು. ಅಕ್ಕನಿಗೆ ಕೃಷಿ ಸಮಿತಿಯ ಅಧ್ಯಕ್ಷರ ಕೋಟು. ಅವಳು ಜೇಬಿಗೆ ಕೈ ಹಾಕಿದಾಗ ಹಲ್ಲುಕಡ್ಡಿ ಮತ್ತು ಕ್ಯಾಂಟೀನಿನ ತಿಂಡಿ ಪಟ್ಟಿ ಸಿಕ್ಕಿತು. ಕೋಟು ಸಿಗದ ಇಬ್ಬರು ಮುನಿಸಿಕೊಂಡು ಗ್ಯಾಲರಿಗೆ ವಾಪಸು ಹೋದರು. ಬಾಗಿಲ ಕಾವಲಿನವನು ಇಪ್ಪತ್ತೆರಡು ಕೋಟುಗಳಿಗೆ ಇಪ್ಪತ್ತೆರಡು ಸಲಾಮು ಹೊಡೆದ.

ಸಭಾಧ್ಯಕ್ಷರು ಬಂದು ಕೂತು ಕಿವಿಗೊಟ್ಟರು. ಕೆಮ್ಮು, ಕುರ್ಚಿಯ ಕಿರಕಿರ, ಯಾರೋ ಆಕಳಿಸಿದ್ದು. "ಇವತ್ತು ಸದನ ಜೀವಂತವಾಗಿದೆ," ಎಂದು ಮೆಚ್ಚಿಕೊಂಡು ತಲೆದೂಗಿದರು.

ಕೃಷಿ ಮಂತ್ರಿಗಳ ಮುಖ ಮಾತ್ರ ಬಿಳಿಚಿಕೊಂಡಿತು. ತಮ್ಮ ನೆಚ್ಚಿನ ಶ್ರೋತೃಗಳಿಗೆ ಇದ್ದಕ್ಕಿದ್ದಂತೆ ತಲೆಗಳು ಬಂದಿದ್ದವು. ಅವು ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದವು. ಇವರು ಸದಸ್ಯರಲ್ಲ ಎಂದು ಕೂಗೋಣವೆಂದರೆ, ಇಷ್ಟು ದಿನ ಅಲ್ಲಿ ಯಾರಿದ್ದರು ಎಂಬ ಪ್ರಶ್ನೆ ಏಳುತ್ತದೆ. ಅವರು ಕೈಲಿದ್ದ ಭಾಷಣದ ಹಾಳೆ ಮಡಚಿ ಜೇಬಿಗಿಟ್ಟರು.

"ಪರವಾಗಿರುವವರು ಏಳಿ."

ಬೇಲಿ ತಾತ ಎದ್ದರು, ಟೀಚರಮ್ಮ ಎದ್ದರು, ನಿದ್ದೆಯವರಲ್ಲೊಬ್ಬರು ಸದ್ದಿಗೆ ಬೆಚ್ಚಿ ಎದ್ದರು. ಆಮೇಲೆ ಇಪ್ಪತ್ತೆರಡು ಕೋಟುಗಳು ಒಟ್ಟಿಗೇ ಎದ್ದವು. ಕೋಟಣ್ಣ ಬಾಗಿಲ ಸಂದಿಯಿಂದ ನೋಡುತ್ತಿದ್ದ. ತಾನು ಅಷ್ಟು ವರ್ಷ ಕಾಲರ್ ತೀಡಿದ ಕೋಟುಗಳು ಹೀಗೂ ನಿಲ್ಲುತ್ತವೆ ಎಂದು ಅವನು ಕನಸಿನಲ್ಲೂ ನೆನೆಸಿರಲಿಲ್ಲ. ವಿರೋಧಕ್ಕೆ ಮೂವರು ಮಂತ್ರಿಗಳು, ಉಳಿದ ಇಬ್ಬರು ನಿದ್ದೆಯವರು. ಇಪ್ಪತ್ತೈದಕ್ಕೆ ಐದು. ಒಟ್ಟು ಮೂವತ್ತು. ಬೇಲಿ ತಾತ ಎಂಟು ವರ್ಷದ ಮೇಲೆ ಗೆದ್ದು, ಏನು ಮಾಡಬೇಕೋ ತೋಚದೆ, ಪಕ್ಕದಲ್ಲಿದ್ದ ಡ್ರೈವರನ ಕೈ ಹಿಡಿದು ಅತ್ತುಬಿಟ್ಟರು.

ಮರುದಿನದ ಪತ್ರಿಕೆಯಲ್ಲಿ, ಕೋಟಿನ ನಂಬರಿನ ಪ್ರಕಾರ, ಬೇಲಿಯ ಪರ ನಿಂತವರ ಹೆಸರುಗಳೆಲ್ಲ ಬಂದವು. ಬೆಳಿಗ್ಗೆಯೇ ಕೃಷಿ ಸಮಿತಿಯ ಅಧ್ಯಕ್ಷರು ಕೋಟು ಕೊಠಡಿಗೆ ಬಂದರು.

"ನನ್ನ ಕೋಟಲ್ಲಿ ಯಾರಿದ್ರೋ?"

"ತಾವೇ ಇದ್ರಿ ಅಂತ ಪೇಪರಲ್ಲಿ ಬಂದಿದೆ ಸಾರ್."

ಅವರು ಕೊಕ್ಕೆಯಲ್ಲಿದ್ದ ತಮ್ಮ ಕೋಟನ್ನು ಮುಟ್ಟಿ ನೋಡಿದರು. ತಾನಿರಲಿಲ್ಲ ಎನ್ನಬೇಕಾದರೆ ಇಸ್ಪೀಟಾಡುತ್ತಿದ್ದೆ ಎನ್ನಬೇಕು. ಮೂರು ದಿನದಲ್ಲಿ ಕಾಡಂಚಿನ ಹಳ್ಳಿಗಳಿಂದ ಅವರಿಗೆ ಧನ್ಯವಾದದ ಪತ್ರಗಳೂ ಬರತೊಡಗಿದವು. ವಾರದೊಳಗೆ ಅವರು, ಅಂದು ಎದ್ದು ನಿಂತಾಗ ತಮ್ಮ ಕಣ್ಣು ತೇವವಾಯಿತೆಂದು ರೇಡಿಯೋದಲ್ಲಿ ಹೇಳಿದರು. ಠರಾವು ಅಲುಗಾಡಲಿಲ್ಲ. ಅಕ್ಕನ ಹೊಲಕ್ಕೆ ಬೇಲಿ ಬಂತು.

ಆದರೆ ಸದಸ್ಯರೇನು ಹುಲ್ಲು ತಿನ್ನುತ್ತಾರೆಯೇ? ಒಂದು ಬುಧವಾರ, ಎಲ್ಲರೂ ಖುದ್ದಾಗಿ ಬಂದು, ಐದೇ ನಿಮಿಷದಲ್ಲಿ ಆ ಹಳೆಯ ಸಾಲನ್ನು ತಿದ್ದಿದರು. ಇನ್ನು ಮುಂದೆ ಕೋಟು ಕುರ್ಚಿಯ ಮೇಲಿದ್ದರೆ ಲೆಕ್ಕಕ್ಕಿಲ್ಲ, ಮೈಮೇಲಿರಬೇಕು. ಅಲ್ಲಿಂದಾಚೆಗೆ ಶುಕ್ರವಾರದ ಗಂಟೆ ಮೊಳಗುತ್ತಿತ್ತು, ಸಭಾಧ್ಯಕ್ಷರು "ಎಂಟು" ಎನ್ನುತ್ತಿದ್ದರು, ದೀಪ ಆರಿಸುತ್ತಿದ್ದರು. ಮೂರು ಶುಕ್ರವಾರ ಹೀಗೇ ಕಳೆಯಿತು. ಹಳ್ಳಿಯ ಮಾತು ಸದನದಲ್ಲಿ ನಿಂತೇಹೋಯಿತು. ಅಕ್ಕನ ಒಂದು ಬೇಲಿಗೋಸ್ಕರ ಉಳಿದವರೆಲ್ಲರ ಬಾಗಿಲು ಮುಚ್ಚಿಸಿದೆನಲ್ಲ ಎಂದು ಕೋಟಣ್ಣ ಕೊರಗಿದ. ಕೊಕ್ಕೆಗಳಲ್ಲಿ ತೂಗುವ ಕೋಟುಗಳನ್ನು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆಗ ಅಕ್ಕನ ಫೋನು ಬಂತು. "ಹಂದಿ ಬಂದು, ಬೇಲಿ ನೋಡಿ, ಪಕ್ಕದೂರಿಗೆ ಹೋಯ್ತು ಕಣೋ. ಅವರ ಕಾಡು ಬೇರೆಯಂತೆ, ನಮ್ಮ ಠರಾವು ಅವರಿಗೆ ನಡೆಯಲ್ಲವಂತೆ. ಅವರೂ ಬಸ್ ಮಾಡ್ಕೊಂಡು ಶುಕ್ರವಾರ ಬರ್ತಿದ್ದಾರೆ."

"ಬರೋದು ಬೇಡ ಅನ್ನಕ್ಕ. ಕೋಟು ಕೂರಿಸೋ ಹಾಗಿಲ್ಲ ಈಗ. ಕುರ್ಚಿಗಳೆಲ್ಲ ಖಾಲಿ."

"ಖಾಲಿ ಕುರ್ಚಿಗೆ ಕಾವಲು ಕಾಯ್ತಾ ಇದ್ದೀರಲ್ಲೋ ನೀವೆಲ್ಲ," ಎಂದಳು ಅಕ್ಕ, ನಿಜವಾಗಿಯೂ ಅರ್ಥವಾಗದೆ. "ಅಲ್ಲಿ ಬಂದು ಕೂತ್ಕೊಳ್ಳೋಕೆ ಜನ ಬಸ್ ಹತ್ತೋಕೆ ತಯಾರಾಗಿ ನಿಂತಿದ್ದಾರೆ."

ಕೋಟಣ್ಣ ತಲೆಯೆತ್ತಿದ. ತಿದ್ದಿದ ನಿಯಮದ ಹಾಳೆ ಎದುರಿನ ಗೋಡೆಗೇ ಅಂಟಿಸಿತ್ತು. ಅದನ್ನು ಮೊದಲಿಂದ ಕೊನೆಯವರೆಗೆ ಓದಿದ. ಕೋಟು ಮೈಮೇಲಿರಬೇಕು ಎಂದಿತ್ತು. ಯಾರ ಮೈ ಎಂದು ಬರೆಯಲು, ಆ ಐದು ನಿಮಿಷದ ಅವಸರದಲ್ಲಿ, ಮರೆತಿದ್ದರು.

"ಎಷ್ಟು ಜನ ಅಕ್ಕ?"

"ಮೂವತ್ತೊಂದು."

ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಒಂದು ಹಾಳೆ ಎಳೆದುಕೊಂಡ.

"ಒಬ್ಬೊಬ್ಬರದೇ ಅಳತೆ ಹೇಳು."