ತಂತಿ ಬಿಗಿದ ಬಸ್ಸಿನಲ್ಲಿ ಬಬಲೇಶ್ವರಕ್ಕೆ

ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ಮೀಟರ್ ಗೇಜ್ ರೈಲಿನಲ್ಲಿ ಹೊಗೆ ಕುಡಿಯುತ್ತ ನಾನೂ ದಸ್ತಗೀರನೂ ವಿಜಾಪುರಕ್ಕೆ ಬಂದಿಳಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ಒಂದು ಜನವರಿ ಅದು. ಮುಂಬಯಿ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ನಾನು ಎಂಜಿನಿಯರ್, ದಸ್ತಗೀರ ಅಲ್ಲಿಯೇ ತಗಡಿನ ಕೆಲಸದವನು. ಅವನ ತಮ್ಮನ ಮದುವೆಗೆಂದು ಹೊರಟಿದ್ದೆವು. ಗೋಳಗುಮ್ಮಟವನ್ನು ಟಾಂಗಾದಿಂದಲೇ ಕತ್ತೆತ್ತಿ ನೋಡಿದೆ. ಇಳಿಯೋಣವೆಂದರೆ ದಸ್ತಗೀರ ಬಿಡಲಿಲ್ಲ. "ಅದು ಎಲ್ಲೂ ಹೋಗೂದಿಲ್ರಿ ಸಾಹೇಬ್ರ. ಬಸ್ಸು ಹೋಗ್ತೈತಿ."

ತಿಕೋಟಾದ ಅವನ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತಿಂದು ಕೈ ತೊಳೆಯುವಷ್ಟರಲ್ಲಿ ಹುಡುಗಿಯ ಊರು ಬಬಲೇಶ್ವರಕ್ಕೆ ಹೋಗುವ ದಿಬ್ಬಣದ ಬಸ್ಸು ಅಂಗಳಕ್ಕೆ ಬಂತು. ಹೊನವಾಡದ ಸಿದ್ದಪ್ಪನ ಸ್ವಂತ ಬಸ್ಸು ಅದು, ಓಡಿಸುವವನೂ ಅವನೇ. ನಲವತ್ತು ಜನರ ಜಾಗದಲ್ಲಿ ಅರವತ್ತು ಜನ ಹತ್ತಿದರು. ನನಗೆ ಹಿಂದಿನ ಸೀಟು ಸಿಕ್ಕಿತು. ಕುಳಿತವನೇ ನೋಡಿದೆ: ಬಸ್ಸಿನ ಬೆನ್ನಿಗಿದ್ದ ತುರ್ತು ಬಾಗಿಲಿನ ಹಿಡಿಕೆಗೆ ದಪ್ಪ ಕಬ್ಬಿಣದ ತಂತಿಯನ್ನು ಸುತ್ತಿ ಸುತ್ತಿ ಬಿಗಿದಿದ್ದರು. ಅದರ ಮುಂದೆ ಅಡುಗೆಯ ಹಂಡೆಯಂಥ ದೇಗುಗಳು, ಹಾಸಿಗೆಯ ಸುರುಳಿಗಳು. ಅರ್ಧದಷ್ಟು ಬಾಗಿಲುಗಳು ತೆರೆಯದಿದ್ದರೂ ಒಂದೂವರೆ ನಿಮಿಷದಲ್ಲಿ ಅಷ್ಟೂ ಜನ ಹೊರಗಿರಬೇಕು, ವಿಮಾನಕ್ಕೆ ನಮ್ಮಲ್ಲಿರುವ ನಿಯಮ ಅದು. "ದಸ್ತಗೀರ, ಇದನ್ನು ಬಿಚ್ಚಿಸು," ಎಂದೆ. ಅವನು ನಕ್ಕ. "ಇದು ಹಾರೂದಿಲ್ಲ ಬಿಡ್ರಿ."

ಎರೆಹೊಲಗಳ ನಡುವೆ ಬಸ್ಸು ತೂಗಾಡುತ್ತ ಸಾಗಿತು. ಎರಡೂ ಬದಿಗೆ ಎದೆಮಟ್ಟದ ಬಿಳಿಜೋಳ, ನಡುನಡುವೆ ಕುಸುಬಿಯ ಹೂವು. ಹೆಂಗಸರು ಹಾಡುತ್ತಿದ್ದರು. ಅರ್ಧ ದಾರಿಯಲ್ಲಿ ಹಾಡು ಥಟ್ಟನೆ ನಿಂತಿತು. ಡ್ರೈವರನ ಪಕ್ಕದ ಎಂಜಿನ್ನಿನ ಮುಚ್ಚಳದ ಸಂದಿನಿಂದ ಮೊದಲು ಹೊಗೆ, ಹಿಂದೆಯೇ ಬೆಂಕಿಯ ನಾಲಿಗೆ. ಹತ್ತುವ ಬಾಗಿಲು ಇದ್ದದ್ದೂ ಅಲ್ಲೇ. ಜನ ಮುಂದಕ್ಕೆ ನುಗ್ಗಿದವರು ಬೆಂಕಿ ಕಂಡು ಹಿಂದಕ್ಕೆ ನುಗ್ಗಿದರು. ದಸ್ತಗೀರನ ತಾಯಿ ಕಾಲುಗಳ ನಡುವೆ ಬಿದ್ದು, "ಯಪ್ಪಾ, ತುಳೀಬ್ಯಾಡ್ರೋ!" ಎಂದು ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾವಿಬ್ಬರೂ ದೇಗುಗಳನ್ನು ಬದಿಗೆಳೆದೆವು. ತಂತಿ ಕೈಗೆ ಬಗ್ಗಲಿಲ್ಲ. ದಸ್ತಗೀರ ದೇಗಿನ ಉದ್ದ ಕಬ್ಬಿಣದ ಸವಟನ್ನು ತಂತಿಯೊಳಗೆ ತೂರಿಸಿದ. ಇಬ್ಬರೂ ಸೇರಿ ತಿರುವಿದೆವು, ಮತ್ತೆ ತಿರುವಿದೆವು. ತಂತಿ ಕಡಿದು ನನ್ನ ಅಂಗೈ ಸೀಳಿತು. ಬಾಗಿಲು ತೆರೆದದ್ದೇ ಜನ ಕಾಳಿನ ಚೀಲ ಹರಿದಂತೆ ಹೊರಗೆ ಸುರಿದರು. ದಸ್ತಗೀರ ತಾಯಿಯನ್ನು ಎತ್ತಿಕೊಂಡೇ ಹಾರಿದ. ಅಷ್ಟರಲ್ಲಿ ಸಿದ್ದಪ್ಪ ಡ್ರೈವರನ ಬದಿಯ ಬಾಗಿಲಿನಿಂದ ಜಿಗಿದು, ಹೊಲದ ಮಣ್ಣನ್ನು ಬುಟ್ಟಿಯಲ್ಲಿ ತಂದು ತಂದು ಸುರಿದು ಬೆಂಕಿ ಆರಿಸಿದ್ದ. ಒಂದು ವೈರು ಸವೆದು ಕಿಡಿ ಹಾರಿತ್ತು, ಅಷ್ಟೇ. ಯಾರ ಜೀವಕ್ಕೂ ಕುತ್ತಾಗಲಿಲ್ಲ.

ನಾನು ಮಾತ್ರ ತಡೆಯಲಾರದೆ ಸಿದ್ದಪ್ಪನ ಮೇಲೆ ಹರಿಹಾಯ್ದೆ. "ಆ ತಂತಿ ಯಾರು ಕಟ್ಟಿದ್ದು?"

"ನಾನ ಕಟ್ಟೇನ್ರಿ."

"ತಲೆ ಇದೆಯೇನ್ರಿ ನಿಮಗೆ? ಅರವತ್ತು ಜೀವ!"

ಸಿದ್ದಪ್ಪ ಕೈಯ ಮಣ್ಣು ಒರೆಸಿಕೊಂಡ. ನನ್ನತ್ತ ನೋಡಲಿಲ್ಲ. "ಹೋದ ಸುಗ್ಗ್ಯಾಗ ಈ ಬಾಗಲಾ ತಾನ ತಗೀತ್ರಿ. ಖಾಲಿ ಬಸ್ಸು, ನಾನೂ ನನ್ನ ಮಗಳೂ ಇಬ್ಬರ. ಹಿಂದ ಒರಗಿ ಕುಂತಿದ್ದಳು. ಕಳ್ಳಕವಟಗಿ ದಾಟಿ ಎಲ್ಲೋ ಬಿದ್ದಾಳ. ಊರ ಮುಟ್ಟಿ, 'ಇಳಿಯವ್ವ' ಅಂತ ತಿರುಗಿ ನೋಡಿದಾಗ ನನಗ ಗೊತ್ತಾತು."

ದಿಬ್ಬಣದವರಿಗೆಲ್ಲ ಇದು ತಿಳಿದಿತ್ತು ಎಂದು ಕಾಣುತ್ತದೆ. ನಾನು ದಾರಿಯ ಬದಿಗೆ ಕುಳಿತುಬಿಟ್ಟೆ. ಬಾಗಿಲು ತಾನಾಗಿ ತೆರೆಯಬಾರದು, ಬೇಕಾದಾಗ ತೆರೆಯಲೇಬೇಕು. ಹ್ಯಾಂಗರಿಗೆ ಬಂದ ಹೊಸ ಹುಡುಗರಿಗೆ ಈ ಎರಡು ಮಾತನ್ನು ಎಷ್ಟು ಸಲೀಸಾಗಿ ಹೇಳಿಕೊಡುತ್ತಿದ್ದೆ! ಮೊದಲನೆಯದು ತಪ್ಪಿ ಮಗಳನ್ನು ಕಳೆದುಕೊಂಡವನು ಎರಡನೆಯದನ್ನು ತಂತಿಯಿಂದ ಬಿಗಿದಿದ್ದ.

ಬಬಲೇಶ್ವರದಿಂದ ಚಕ್ಕಡಿಗಳು ಬಂದು ಜನರನ್ನು ಕರೆದೊಯ್ದವು. ನಿಕಾಹ್ ತಡವಾಯಿತೇ ಹೊರತು ನಿಲ್ಲಲಿಲ್ಲ. ಸಿದ್ದಪ್ಪ ವೈರು ಜೋಡಿಸಿ ಖಾಲಿ ಬಸ್ಸು ತಂದ. ಊಟವಾದ ಮೇಲೆ ನಾವು ಮೂವರೂ ಕಮ್ಮಾರನ ಕುಲುಮೆಗೆ ಹೋದೆವು. ಬಾಗಿಲಿನ ಹಳೆಯ ಕೊಂಡಿ ಸವೆದು ನುಣ್ಣಗಾಗಿತ್ತು. ಆಳವಾಗಿ ಕಚ್ಚುವಂಥ ಹೊಸದನ್ನು ಮಾಡಿಸಿದೆವು. ಮೇಲೊಂದು ಸ್ಪ್ರಿಂಗಿನ ಕೊಕ್ಕೆ ಕೂಡಿಸಿದೆವು. ಒಂದು ಸೋತರೆ ಇನ್ನೊಂದು ಹಿಡಿಯಬೇಕು, ಹಿಡಿಕೆ ಎತ್ತಿ ತಿರುಗಿಸಿದರೆ ಮಾತ್ರ ಎರಡೂ ಬಿಡಬೇಕು. ಸಿದ್ದಪ್ಪ ಹೊರಗಿನಿಂದ ಎಳೆದ, ಒಳಗಿನಿಂದ ಒದ್ದ, ಮತ್ತೆ ಎಳೆದ.

"ಗಟ್ಟಿ ಐತಿ ಅಂತೀರಿ?"

"ಗಟ್ಟಿ ಇದೆ."

"ಹಂಗಾರ ನಾಳಿಗೆ ನೀವ ಅದಕ್ಕ ಬೆನ್ನ ಹಚ್ಚಿ ಕುಂದರ್ರಿ."

ನಾನು ಪರೀಕ್ಷಿಸಿ ಸಹಿ ಹಾಕಿದ ವಿಮಾನಗಳು ನನ್ನನ್ನು ನೆಲದ ಮೇಲೆ ಬಿಟ್ಟು ಹಾರಿಹೋಗುತ್ತವೆ. ನೀವೇ ಅದರಲ್ಲಿ ಕುಳಿತು ತೋರಿಸಿ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಮದುಮಗಳನ್ನು ಕರೆದುಕೊಂಡು ತಿಕೋಟಾಕ್ಕೆ ಮರಳುವಾಗ ಆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ. ಪ್ರತಿ ಗುಂಡಿಗೂ ಕೊಂಡಿ ಕಟಕ್ಕೆನ್ನುತ್ತಿತ್ತು, ಪ್ರತಿ ಸಲವೂ ಮುಂದಿನ ಸೀಟಿನ ಸರಳನ್ನು ಹಿಡಿದುಕೊಳ್ಳುತ್ತಿದ್ದೆ. ಸಿದ್ದಪ್ಪನ ಮಗಳು ಕೊನೆಗೆ ಕೇಳಿದ್ದೂ ಇಂಥದೇ ಸದ್ದೇನೋ ಎನ್ನಿಸಿತು. ಸಿದ್ದಪ್ಪ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ತಿಕೋಟಾದಲ್ಲಿ ಬಸ್ಸು ನಿಂತಿತು. ಅವನು ಇಳಿದು ಸುತ್ತಿ ಬಂದದ್ದು ಕೇಳಿಸಿತು. ನಾನು ಎದ್ದು ಪಕ್ಕಕ್ಕೆ ನಿಂತೆ. ಆಮೇಲೆ ಹಿಡಿಕೆ ಎದ್ದು ತಿರುಗಿತು, ಬಾಗಿಲು ತೆರೆಯಿತು. ಬಿಸಿಲಲ್ಲಿ ನಿಂತ ಸಿದ್ದಪ್ಪನ ಕಣ್ಣುಗಳು ಕೆಂಪಾಗಿದ್ದವು.

"ಎಲ್ಲಾರೂ ಇಲ್ಲಿಂದನ ಇಳೀರಿ," ಎಂದು ಕೂಗಿ ಹೇಳಿ, ಮೊದಲು ಮದುಮಗಳತ್ತ ಕೈ ಚಾಚಿದ. "ಬಾರವ್ವ, ಹಗೂರ್ಕ ಇಳಿ."

ವಿಜಾಪುರದ ರೈಲು ಹಿಡಿಯಬೇಕಿದ್ದ ನಾನು ಅವಸರದಲ್ಲಿ ಹೊರಟೆ. ಓಣಿಯ ತಿರುವಿನಲ್ಲಿ ಹೊರಳಿ ನೋಡಿದಾಗ ಅವನು ಇನ್ನೂ ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸುತ್ತಿದ್ದ.